ಕುಪ್ಪಣ್ಣ ಕಲ್ಲು ತಟ್ಟಿದ ದಿನ

ನನ್ನ ಬಾಯಿ ಜೋರು ಅಂತ ಬೇತಮಂಗಲದ ಬಸ್ಸಿನವರಿಗೂ ಗೊತ್ತು. ಆದರೆ ಆ ಬಾಯಿಂದ ಕುಪ್ಪುಸ್ವಾಮಿ ತಿಂದಷ್ಟು ಬೈಗಳನ್ನು ನನ್ನ ಗಂಡನೂ ತಿಂದಿಲ್ಲ. ಬಂಗಾರಪೇಟೆಯ ರೈಲು ಹಳಿ ಪಕ್ಕದ ಶೆಡ್ಡಿನಲ್ಲಿ ಅವನದು ಗ್ರೈಂಡಿಂಗ್ ಮಿಷಿನ್. ಶಾಫ್ಟನ್ನು ಎರಡು ಮೊನೆಗಳ ನಡುವೆ ತಿರುಗಿಸುತ್ತಾ, ಪಕ್ಕದಲ್ಲಿ ಸುತ್ತುವ ಸಾಣೆಕಲ್ಲು ತಾಗಿಸಿ ಮೈ ನುಣ್ಣಗೆ ಮಾಡುವ ಕೆಲಸ. ಅವನು ಮುಗಿಸಿದ್ದನ್ನು ಒರೆಸಿ ಅಳತೆ ನೋಡುವವಳು ನಾನು, ಮುನಿಲಕ್ಷ್ಮಿ.

ಅವನದು ನಂದಿದುರ್ಗ ಗಣಿಯ ಕೂಲಿಯವರ ಲೈನ್ ಮನೆ. ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಕಲಿತ ಕೈ. ಗಣಿ ಮುಚ್ಚಿದಾಗ ಜೊತೆಯವರೆಲ್ಲ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಗೇಟು ಕಾಯಲು ಹೋದರು. ಇವನೊಬ್ಬ ಬಂಗಾರಪೇಟೆಯಲ್ಲೇ ಇಳಿದುಬಿಟ್ಟ. “ಕೈಯಾಗೆ ಕೆಲ್ಸ ಇಟ್ಕೊಂಡು ಕಾರ್ ಬಂದಾಗೆಲ್ಲ ಸಲಾಮ್ ಒಡೀಲಾ? ಸತ್ರೂ ಆಗಲ್ಲಮ್ಮಾ” ಅನ್ನುತ್ತಿದ್ದ. ಅಷ್ಟು ಜಂಬ ನಮ್ಮ ಕುಪ್ಪಣ್ಣನಿಗೆ.

ಹೊಸ ಕಲ್ಲು ಬಂದ ದಿನ ಅವನ ಗತ್ತು ನೋಡಬೇಕಿತ್ತು. ಶೆಡ್ಡಿನ ಮಿಷಿನ್ನುಗಳನ್ನೆಲ್ಲ ನಿಲ್ಲಿಸಿ, ಚಪ್ಪಲಿ ಬಿಟ್ಟು, ಕಲ್ಲನ್ನು ಹಗ್ಗದಲ್ಲಿ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತಿದ್ದ. ಗಂಟೆಯಂತೆ ನಾದ ಬಂದರೆ ಕಲ್ಲು ಗಟ್ಟಿ. ಮಂಕಾಗಿ ಸದ್ದು ಬಂದರೆ ಒಳಗೆ ಬಿರುಕಿದೆ ಎಂದೇ ಅರ್ಥ; ಅದನ್ನು ಹಾಕಿದರೆ ಸುತ್ತುವಾಗ ಸಿಡಿದು ಯಾರದಾದರೂ ತಲೆ ತೆಗೆಯುತ್ತದೆ. ಕೆಲಸದ ಮಧ್ಯೆಯೂ ಅಷ್ಟೇ, ಅವನಿಗೆ ಕಿವಿಯೇ ಎಲ್ಲ. ಕಲ್ಲಿನ ಮುಖ ಮೊಂಡಾದರೆ ಸದ್ದು ಸಣ್ಣಗೆ ಕೀರಲಾಗುತ್ತದಂತೆ. ಆಗ ವಜ್ರದ ಮೊನೆಯಿಂದ ಕಲ್ಲಿನ ಮುಖವನ್ನು ಕೆರೆದು ಮತ್ತೆ ಹರಿತ ಮಾಡಬೇಕು. ಬೇರೆ ಕಡೆ ಇಷ್ಟು ಶಾಫ್ಟಿಗೊಮ್ಮೆ ಅಂತ ಲೆಕ್ಕ ಇಟ್ಟುಕೊಂಡು ಕೆರೆಯುತ್ತಾರೆ. ಇವನು ಆ ಲೆಕ್ಕದವರನ್ನು ಕಂಡರೆ ನಗುತ್ತಿದ್ದ.

ಈ ಯುಗಾದಿ ಆದಮೇಲೆ ಶಾಫ್ಟುಗಳ ಮೈಮೇಲೆ ಗೆರೆ ಬೀಳತೊಡಗಿತು. ಬೆಳಕಿಗೆ ಹಿಡಿದರೆ ಉದ್ದಕ್ಕೂ ಸಣ್ಣ ಅಲೆ ಅಲೆ, ಅಲ್ಲಲ್ಲಿ ಸುಟ್ಟ ಕಂದು ಕಲೆ. ಕುಪ್ಪಣ್ಣ ಬೆಲ್ಟ್ ಬದಲಾಯಿಸಿದ. ಮೊನೆಗಳನ್ನು ಒರೆಸಿ ಗ್ರೀಸ್ ಹಾಕಿದ. ತಂಪಿಗೆ ಸುರಿಯುವ ನೀರೆಣ್ಣೆಯ ತೊಟ್ಟಿ ತೊಳೆದ. ಬೇರಿಂಗ್ ಬಿಚ್ಚಿ ಮತ್ತೆ ಕೂರಿಸಿದ. ಗೆರೆ ಹೋಗಲಿಲ್ಲ. ಕೊನೆಗೆ, “ಗೂಡ್ಸ್ ರೈಲಿಗೆ ನೆಲ ಅದುರ್ತೈತೆ” ಅಂದ.

“ಆಹಾ! ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ” ಅಂದೆ ನಾನು. ತಿರುಗಿ ಒಂದು ಮಾತು ಆಡಲಿಲ್ಲ ಪುಣ್ಯಾತ್ಮ. ಈಚೆಗೆ ಬೆನ್ನ ಹಿಂದಿನಿಂದ ಎಷ್ಟು ಕೂಗಿದರೂ ಹಾಗೆಯೇ ನಿಂತಿರುತ್ತಿದ್ದ. ವಯಸ್ಸಾದ ಹಾಗೆ ಕೊಬ್ಬು ಬೆಳೆದಿದೆ ಅಂದುಕೊಂಡಿದ್ದೆ.

ಮಾಲೀಕ ಕದಿರಪ್ಪನವರು ಗಿರಾಕಿಗಳಿಂದ ವಾಪಸ್ ಬಂದ ಶಾಫ್ಟುಗಳನ್ನು ಅವನ ಕಾಲ ಬಳಿ ಸುರಿದರು. “ಕುಪ್ಪುಸ್ವಾಮಿ, ಇವತ್ತು ಒಸ ಕಲ್ಲು ಆಕು. ಆಮೇಲೂ ಗೆರೆ ಬಿದ್ರೆ ಮಿಷಿನ್ ಮಾರ್ಬಿಡ್ತೀನಿ. ನೀನೂ ಬೇರೆ ದಾರಿ ನೋಡ್ಕೊ” ಅಂದರು. ಅವನ ಮುಖ ಬಿಳಿಚಿಕೊಂಡಿತು. ಆ ವಯಸ್ಸಿನಲ್ಲಿ ಬೇರೆ ದಾರಿ ಅಂದರೆ ಬೆಂಗಳೂರಿನ ಗೇಟು, ಇನ್ನೇನಿದೆ?

ಮಿಷಿನ್ನುಗಳೆಲ್ಲ ನಿಂತವು. ಕುಪ್ಪಣ್ಣ ಚಪ್ಪಲಿ ಬಿಟ್ಟು, ಹೊಸ ಕಲ್ಲನ್ನು ತೂಗುಹಾಕಿ ತಟ್ಟಿದ. ಆಹಾ, ಎಂಥಾ ನಾದ! ಶೆಡ್ಡಿನ ತಗಡಿನವರೆಗೂ ಹೋಯಿತು. ಸದ್ಯ, ಗೆದ್ದೆವು ಅಂದುಕೊಂಡೆ.

ಅವನು ತಲೆಯಾಡಿಸಿದ. “ಒಡ್ದೈತೆ” ಅಂದ.

ಅದನ್ನು ಇಳಿಸಿ ಗೋಡೆಗೆ ಒರಗಿಸಿ ಇನ್ನೊಂದನ್ನು ತೂಗುಹಾಕಿ ತಟ್ಟಿದ. ಅದೂ ಹಾಗೇ ಹಾಡಿತು. “ಅಯ್ಯಯ್ಯೋ, ಇದೂ ಒಡ್ದೈತೆ. ಎಂಥ ಮಾಲು ಕಳ್ಸವ್ರೆ ಬಡ್ಡೀಮಕ್ಳು!” ಲೇತ್ ಮಿಷಿನ್ನಿನ ಬಚ್ಚಪ್ಪ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಮೂರನೆಯದನ್ನು ಅವನು ಜೋರಾಗಿಯೇ ತಟ್ಟಿದ. ಅಲುಗಾಡುತ್ತಿದ್ದ ಕಲ್ಲನ್ನು ಹಿಡಿಯಲು ಬೆರಳು ಚಾಚಿದವನು ಅದರ ಅಂಚಿಗೆ ಬೆರಳು ತಾಗಿಸಿ ಹಾಗೇ ನಿಂತುಬಿಟ್ಟ. ಕಲ್ಲಿನ ನಡುಕ ಬೆರಳಿಗೆ ಸಿಕ್ಕಿತ್ತು. ಅಷ್ಟು ನಡುಗುವ ಕಲ್ಲು ಸದ್ದು ಮಾಡದೆ ಇರುತ್ತದೆಯೇ? ಅದು ಅವನಿಗೆ ಗೊತ್ತಿರದ ವಿಷಯವಲ್ಲ.

ಮರದ ಹಿಡಿಯನ್ನು ನನ್ನ ಕೈಗೆ ಕೊಟ್ಟ. “ನೀನು ತಟ್ಟಮ್ಮಾ.”

ತಟ್ಟಿದೆ. ಅವನು ಕಲ್ಲಿನ ಕಡೆ ನೋಡಲೇ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ. ನನ್ನ ಕಣ್ಣು ತುಂಬಿಕೊಂಡವು.

“ಚೆನ್ನಾಗೈತಾ?” ಅಂದ.

ಹೌದು ಅಂತ ತಲೆಯಾಡಿಸಿದೆ.

ಕದಿರಪ್ಪನವರು ಒಳಗಿನಿಂದ ಬಂದು, “ಏನಯ್ಯಾ, ಕಲ್ಲು ಎಂಗೈತೆ?” ಅಂದರು. ಕುಪ್ಪಣ್ಣ ಅವರ ತುಟಿ ನೋಡಿ ಉತ್ತರ ಕೊಟ್ಟ. “ಮೂರೂ ಚೆನ್ನಾಗವೆ ಸಾರ್. ನನ್ ಕಿವಿ ಓಗೈತೆ. ಕಲ್ಲು ಮೊಂಡಾಗಿದ್ದು ಕೇಳುಸ್ತಾ ಇರ್ಲಿಲ್ಲ, ಅದಕ್ಕೇ ಗೆರೆ.” ಚಪ್ಪಲಿ ಮೆಟ್ಟಿಕೊಂಡ. ಊಟದ ಡಬ್ಬಿ ತೆಗೆದುಕೊಂಡು ಬಾಗಿಲು ದಾಟಿದ. ಕದಿರಪ್ಪನವರು ತಡೆಯಲಿಲ್ಲ.

ನಾನು ಹಿಂದೆಯೇ ಓಡಿದೆ. “ಅಣ್ಣಾ, ನಿಂತ್ಕೊ! ನಾನಿಲ್ವಾ? ಸದ್ದು ನಾನು ಕೇಳ್ತೀನಿ, ಮೊಂಡಾದಾಗ ನಿನ್ ಬೆನ್ನು ತಟ್ತೀನಿ. ಓಗ್ಬೇಡ ಅಣ್ಣಾ!” ಅಂತ ಇದ್ದಬದ್ದ ಗಂಟಲೆಲ್ಲ ಹಾಕಿ ಕೂಗಿದೆ. ರಸ್ತೆಯಾಚೆ ಟೀ ಅಂಗಡಿಯವರೆಲ್ಲ ಎದ್ದು ನೋಡಿದರು. ಕುಪ್ಪಣ್ಣ ಬೆನ್ನು ತಿರುಗಿಸಿಕೊಂಡು ಸ್ಟೇಷನ್ನಿನ ಕಡೆ ನಡೆದು ಹೋಗುತ್ತಲೇ ಇದ್ದ.