ಸೋಮವ್ವನ ಬಲಗಿವಿ

ಬ್ಯಾಡಗಿಯ ಶಂಕ್ರಪ್ಪನ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಆರಿಸುವ ಹೆಂಗಸರಿಗೆಲ್ಲ ಸೋಮವ್ವನೇ ಹಿರಿಯಳು. ಕಾಯಿಯನ್ನು ಬಲಗಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು. ಬೀಜ ಗಲಗಲ ಎಂದರೆ ಒಣಗಿದೆ, ಸುಮ್ಮನಿದ್ದರೆ ಹಸಿ. ಇಪ್ಪತ್ತು ವರ್ಷ ಆ ಕಿವಿಯ ತೀರ್ಪಿಗೆ ಎದುರಿರಲಿಲ್ಲ. ಬೂಸ್ಟು ಹಿಡಿದು ಬೆಳ್ಳಗಾದ ಕಾಯಿ ಕಂಡರಂತೂ ಅವಳಿಗೆ ವಾಕರಿಕೆ. ಎರಡೇ ಬೆರಳಲ್ಲಿ ಎತ್ತಿ ಹೊರಗೆಸೆಯುವಳು.

ಈ ಮಳೆಗಾಲದಲ್ಲಿ ಆ ಕಿವಿ ವಿಪರೀತ ತುರಿಸತೊಡಗಿತು. ಹೇರ್‌ಪಿನ್ನು ಹಾಕಿ ಕೆರೆದಳು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡಳು, ಮತ್ತೆ ಕೆರೆದಳು. ಕಿವಿ ಕಟ್ಟಿಕೊಂಡು ಸರಿಯಾಗಿ ಕೇಳದಾಯಿತು. ಕದರಮಂಡಲಗಿಯಿಂದ ಕೆಲಸಕ್ಕೆ ಬರುವ ದುರ್ಗಾ ಒಣಗಿಸಿ ತಂದ ಕಾಯಿಯೆಲ್ಲ ಸೋಮವ್ವನಿಗೆ ಹಸಿ ಎನಿಸಿತು.

"ಬೀಜ ಗಲಗಲ ಅನ್ನಾಕತ್ತಾವಲ್ಲ ಯಕ್ಕಾ," ಎಂದಳು ದುರ್ಗಾ.

"ನನಗ ಕಲಿಸ್ತೀಯೇನ? ಇವನ್ನ ಚೀಲಕ್ಕ ತುಂಬಿದ್ರ ನಾಳೆ ಬೂಸ್ಟು ಬರತೈತಿ, ಹೊಲಸ ಹೆಂಗಸ!"

ಮೂರು ದಿನ ಇದೇ ರಗಳೆ. ನಾಲ್ಕನೆಯ ದಿನ ಶಂಕ್ರಪ್ಪ ದುರ್ಗಾಳನ್ನು ಕೆಲಸದಿಂದ ಬಿಡಿಸಿದ. ಹೋಗುವಾಗ ಅವಳು ಮೂಗಿಗೆ ಸೆರಗು ಹಿಡಿದು, "ಯಕ್ಕಾ, ಸಿಟ್ಟಾಗಬ್ಯಾಡ್ರಿ, ನಿಮ್ಮ ಕಿವಿ ನಾರಾಕತ್ತೈತಿ, ತೋರಿಸ್ರಿ" ಎಂದಳು. ಸೋಮವ್ವನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

ಮರುದಿನ ಹಾವೇರಿಯ ಕಿವಿ ಡಾಕ್ಟರಮ್ಮ ದೀಪ ಬಿಟ್ಟು ನೋಡಿ, ಸಣ್ಣ ನಳಿಕೆಯಿಂದ ಎಳೆದು ತಟ್ಟೆಗೆ ಹಾಕಿದರು. ನೆನೆದ ಕಾಗದದಂಥ ಬಿಳಿ ಮುದ್ದೆ, ಮೇಲೆ ಕರಿ ಚುಕ್ಕೆ. ಛೀ! ಯಾರೂ ಹೇಳಬೇಕಿರಲಿಲ್ಲ, ಅದನ್ನು ಸೋಮವ್ವ ಇಪ್ಪತ್ತು ವರ್ಷದಿಂದ ಬಲ್ಲಳು.

"ಕೆರೆದು ಗಾಯ ಮಾಡೀರಿ, ಎಣ್ಣಿ ಹಾಕಿ ಬೂಸ್ಟು ಸಾಕೀರಿ," ಎಂದರು ಡಾಕ್ಟರಮ್ಮ. "ಕಿವ್ಯಾಗಿನ ಪರದಿ ಚಲೋ ಐತಿ, ಪುಣ್ಯ. ಈ ಹನಿ ಔಷಧ ಹಾಕ್ರಿ. ನೀರು, ಎಣ್ಣಿ, ಪಿನ್ನು ಏನೂ ಒಳಗ ಹೋಗಬಾರ್ದು. ವಾರಕ್ಕ ಮತ್ತ ಬರ್ರಿ, ಇನ್ನೊಮ್ಮೆ ಸ್ವಚ್ಛ ಮಾಡಬೇಕು."

ಸೋಮವ್ವ ಅಲ್ಲಿಂದ ನೇರ ಕದರಮಂಡಲಗಿಗೆ ಹೋಗಿ ದುರ್ಗಾಳನ್ನು ಕರೆತಂದಳು. ಅಂಗಡಿಯಲ್ಲಿ ಎಲ್ಲರೆದುರು, "ಬೂಸ್ಟು ಇಕಿ ಕಾಯ್ಯಾಗ ಇರಲಿಲ್ರಿ ಶಂಕ್ರಪ್ಪಾರ, ನನ್ನ ಕಿವ್ಯಾಗ ಇತ್ತು" ಎಂದಳು. ಹೆಂಗಸರು ಮುಖ ಕಿವುಚಿ ಹಿಂದೆ ಸರಿದರು.

ಸೋಮವ್ವ ಒಂದು ಕಾಯಿ ಎತ್ತಿ ದುರ್ಗಾಳ ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಒಣಗೈತ್ರಿ ಯಕ್ಕಾ."

ಸೋಮವ್ವ ಅದನ್ನು ಒಳ್ಳೆಯ ರಾಶಿಗೆ ಹಾಕಿದಳು.