ಕಣ್ಣಿಗೊತ್ತಿಕೊಂಡ ತಗಡು

"ಉಜ್ಜಿದ ಮೇಲೆ ಇದನ್ನ ಯಾರಮ್ಮ ಮುಟ್ಟಿದ್ದು?"

ಚಿಂತಾಮಣಿ ಪೇಟೆಯ ಕಲಾಯಿ ಸಾಬರ ಕೈಯಲ್ಲಿದ್ದದ್ದು ನಾನು ಕಲಾಯಿಗೆ ತಂದ ಹಿತ್ತಾಳೆ ಪಾತ್ರೆಯಲ್ಲ, ಅದರೊಂದಿಗೆ ಚೀಲದಿಂದ ಹೊರಬಿದ್ದ ನನ್ನ ಪ್ರಯೋಗದ ಮುರಿದ ಪಟ್ಟಿ. ತಾಮ್ರ, ಅಲ್ಯೂಮಿನಿಯಂ ತಗಡುಗಳನ್ನು ಉಜ್ಜಿ, ಒಂದರ ಮೇಲೊಂದಿಟ್ಟು, ರೋಲರ್‌ಗಳ ನಡುವೆ ಒತ್ತಿ ಒಂದಾಗಿಸುವುದು ನನ್ನ ಸಂಶೋಧನೆ. ಚೆನ್ನಾಗಿ ಬೆಸೆದಿದ್ದರೆ, ಪರೀಕ್ಷೆಗೆಂದು ಯಂತ್ರದಲ್ಲಿ ಎಳೆದಾಗ ಎರಡೂ ಒಟ್ಟಿಗೆ ಮುರಿಯಬೇಕು. ನನ್ನವು ಮೊದಲು ಪದರ ಬಿಟ್ಟು, ಆಮೇಲೆ ಬೇರೆ ಬೇರೆಯಾಗಿ ಹರಿಯುತ್ತಿದ್ದವು. ತಿಂಗಳುಗಟ್ಟಲೆ ನಾನು ರೋಲರ್‌ನ ಒತ್ತಡವನ್ನೇ ದೂರುತ್ತಿದ್ದೆ.

"ಯಾರೂ ಮುಟ್ಟಿಲ್ಲ, ಗ್ಲೌಸ್ ಹಾಕ್ಕೊಂಡೇ ಮಾಡ್ತೀನಿ" ಎಂದೆ.

ಸಾಬರು ಪದರದೊಳಗಿನ ಮಾಸಲು ಕಲೆ ತೋರಿಸಿದರು. "ಇದು ಮೈ ಜಿಡ್ಡು ತಾಯಿ. ಉಜ್ಜಿದ ಪಾತ್ರೇಲಿ ನಾವು ಬೆರಳೂ ಇಡಲ್ಲ. ಇಟ್ರೆ ಅಲ್ಲಿ ತವರ ಹಿಡಿಯಲ್ಲ."

ಬಸ್ಸಿನಲ್ಲಿ ಊರಿಗೆ ಮರಳುವಾಗ ಹೊಳೆಯಿತು. ಸಾದಲಿಯ ನಮ್ಮ ಮನೆಯಲ್ಲಿ ರೇಷ್ಮೆ ಹುಳುವಿಗೆ ಹಾಕುವ ಮೊದಲ ಹಿಡಿ ಸೊಪ್ಪನ್ನು ಅಮ್ಮ ಕಣ್ಣಿಗೊತ್ತಿಕೊಳ್ಳುತ್ತಾಳೆ. ನಾನೂ ಅದೇ ಅಭ್ಯಾಸದಲ್ಲಿ, ಉಜ್ಜಿ ಹೊಳೆಯುವ ತಗಡನ್ನು ರೋಲರ್‌ಗೆ ಕೊಡುವ ಮುಂಚೆ ಪ್ರತಿ ಸಲವೂ ಕಣ್ಣಿಗೊತ್ತಿಕೊಳ್ಳುತ್ತಿದ್ದೆ.

ಈಗ ಆ ನಮಸ್ಕಾರವನ್ನು ಉಜ್ಜುವ ಮೊದಲೇ ಮುಗಿಸುತ್ತೇನೆ. ಹೋದ ವಾರ ಎಳೆದ ಪಟ್ಟಿ ಪದರ ಬಿಡದೆ, ಒಂದೇ ಗೆರೆಯಲ್ಲಿ ಮುರಿಯಿತು. ಗ್ಲೌಸ್ ಕಳಚಿ, ಆ ಎರಡು ತುಂಡುಗಳನ್ನು ಮನಸಾರೆ ಕಣ್ಣಿಗೊತ್ತಿಕೊಂಡೆ.