ಬೆಟ್ಟ ಹತ್ತಿಸುವ ದೋನ್ಯಾ ಒತಿಲಿಯಾ

ಭಾನುವಾರ ನಮ್ಮ ಬೀದಿಯವರನ್ನು ಮನೆಯಲ್ಲಿ ಕೂರಲು ಬಿಡದವರು, ನಾವೆಲ್ಲ ಗೌರವದಿಂದ ದೋನ್ಯಾ ಎನ್ನುವ ಒತಿಲಿಯಾ. ಬೆಳಗಾಗುತ್ತಲೇ ರಬ್ಬರ್ ಬೂಟು ಮೆಟ್ಟಿ ಮನೆಮನೆಯ ಬಾಗಿಲು ಬಡಿದು, ಎಲ್ಲರನ್ನೂ ಜೀಪಿಗೆ ತುಂಬಿ ಕೊಕೋರಾ ಕಣಿವೆಗೆ ಹೊರಡಿಸುತ್ತಾರೆ. ಮೋಡಕ್ಕೆ ತಲೆ ತಾಗಿಸಿ ನಿಂತ ಮೇಣದ ತಾಳೆಮರಗಳನ್ನು ತಾವೇ ನೆಟ್ಟವರಂತೆ ತೋರಿಸುತ್ತಾರೆ. ಕಟುಕ ಎಲಾದಿಯೋ ಏದುಸಿರು ಬಿಟ್ಟರೆ, "ಆ ತಿರುವು ದಾಟಿದ್ರೆ ಬಂದೇ ಬಿಡ್ತು ಕಣೋ" ಎನ್ನುತ್ತಾರೆ. "ನಿಮ್ಮ ತಿರುವು ನಂಬ್ಕೊಂಡು ಹೋದ್ರೆ ದೇಶದ ಗಡಿ ದಾಟಿ ಈಕ್ವೆಡಾರೇ ಸಿಗುತ್ತೆ" ಎಂದು ಅವನು ಗೊಣಗಿದರೆ, "ಸಿಗ್ಲಿ ಬಿಡು, ಅಲ್ಲೂ ಬೆಟ್ಟ ಚೆನ್ನಾಗಿವೆಯಂತೆ" ಎಂದು ಮುಂದೆ ನಡೆಯುತ್ತಾರೆ. ಮಳೆಗಾಗಲಿ ಕೆಸರಿಗಾಗಲಿ ಅವರು ಅರ್ಧ ದಾರಿಯಿಂದ ಹಿಂದಿರುಗಿದವರಲ್ಲ. ಕಳೆದ ತಿಂಗಳು ಮಾತ್ರ, ಗಂಡ ಸತ್ತ ಮೇಲೆ ಹೊಸ್ತಿಲು ದಾಟದಿದ್ದ ನೆರೆಮನೆಯ ಮರ್ಲೇನಿ ನಮ್ಮೊಂದಿಗೆ ಬಂದವಳು ಹೊಳೆಯ ತೂಗುಸೇತುವೆಯ ಬಳಿ ಕುಸಿದು ಕೂತು ಅತ್ತಳು. "ನನ್ನ ಕೈಲಾಗಲ್ಲ, ನೀವೆಲ್ಲ ಹೋಗಿ ಬನ್ನಿ" ಎಂದಳು. ದೋನ್ಯಾ ಬೆನ್ನುಚೀಲ ಇಳಿಸಿ ಅವಳ ಪಕ್ಕದಲ್ಲೇ ಕೆಸರಿನಲ್ಲಿ ಕೂತು, ಫ್ಲಾಸ್ಕಿನಿಂದ ಬಿಸಿ ಬೆಲ್ಲದ ನೀರು ಬಗ್ಗಿಸಿ ಕೊಟ್ಟರು. ನಾವೂ ಸುತ್ತ ಕೂತು ಬುತ್ತಿ ಬಿಚ್ಚಿದೆವು. ಬೆಲ್ಲದ ನೀರು ಕುಡಿದು ಮುಗಿಸಿ ಮರ್ಲೇನಿ, "ಮೇಲೆ ಏನಿದೆ?" ಎಂದು ಕೇಳಿದಳು. "ಏನೂ ಇಲ್ಲ ತಾಯಿ, ಇದೇ ಹೊಳೆ, ಇನ್ನೂ ಸಣ್ಣದು" ಎಂದ ದೋನ್ಯಾ ಅಲ್ಲಿಂದಲೇ ಎಲ್ಲರನ್ನೂ ಮನೆಗೆ ತಿರುಗಿಸಿದರು. ತಮ್ಮ ಬೆಟ್ಟವನ್ನು ಅವರು ಕಡಿಮೆ ಮಾಡಿ ಹೇಳಿದ್ದನ್ನು ನಾವು ಕೇಳಿದ್ದು ಅದೊಂದೇ ಸಲ.